ನೇರಳೆ ಮರಕ್ಕೆ ಚಹಾ ಗಿಡದ ಕತ್ತಿ

ಗೌರಕ್ಕನ ಕೊಟ್ಟಿಗೆಯ ಮೇಲೆ ಕೊಂಬೆ ಬಿತ್ತು. ಹಸು ಬದುಕಿತು. ಕೊಟ್ಟಿಗೆ ಬದುಕಲಿಲ್ಲ.

ಬೆಳಗ್ಗೆ ಹಾಲು ಕರೆದು, ಚೊಂಬು ಎತ್ತಿಕೊಂಡು ಆಗಷ್ಟೇ ಹೊರಗೆ ಬಂದಿದ್ದಳಂತೆ. ಹಿಂದಿನಿಂದ ದಡಾರ್ ಎಂದಿತು. ತಿರುಗಿ ನೋಡಿದರೆ ತಗಡಿನ ಮಾಡು ಮಡಚಿಕೊಂಡು ನೆಲಕ್ಕೆ ಕೂತಿದೆ. ಹಸು ಹಗ್ಗ ಹರಿದುಕೊಂಡು ಹೋಗಿ ಚಹಾ ಗಿಡಗಳ ನಡುವೆ ನಿಂತಿದೆ. ಗೌರಕ್ಕ ಕಿರುಚಲಿಲ್ಲ. ಕೈಯಲ್ಲಿದ್ದ ಹಾಲನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ಆಮೇಲೆ ಅಂಗಳಕ್ಕೆ ಬಂದು ಕಿರುಚಿದಳು. (ಹಾಲು ಇರುವ ಮನೆಯ ಹೆಂಗಸರಿಗೆ ಈ ಕ್ರಮ ಅರ್ಥವಾಗುತ್ತದೆ.)

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನಮ್ಮ ಹಟ್ಟಿ ಗೊತ್ತು. ಹೊಸಬರಿಗೆ ಹೇಳುತ್ತೇನೆ. ನೀಲಗಿರಿ, ಕೋತಗಿರಿಯ ಕೆಳಗೆ ಕಟ್ಟಬೆಟ್ಟು, ಅದರ ಪಕ್ಕದಲ್ಲಿ ಒಂದು ಸಾಲು ಮನೆಗಳು. ಅದೇ ಹಟ್ಟಿ. ಮೈಸೂರು ಸೀಮೆಯಿಂದ ಮದುವೆಯಾಗಿ ಬಂದ ನಾನು ಸಾಲಿನ ನಡುವಿನ ಮನೆಯಲ್ಲಿದ್ದೇನೆ. ಗೌರಕ್ಕ ಕೊನೆಯ ಮನೆ. ಅವಳ ಗಂಡ ಗೂಡಲೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಮನೆಗೆ ಬರುವುದು ಅಪರೂಪ. ಅವಳೂ ಮಗಳೂ ಇಬ್ಬರೇ. ಮನೆಯ ಬೆನ್ನಿಗೆ ಎತ್ತರವಾದ ಮಣ್ಣಿನ ದಿಬ್ಬ. ದಿಬ್ಬದ ಮೇಲೆ ನೇರಳೆ ಮರ. ಯಾರು ನೆಟ್ಟರೋ ಯಾರಿಗೂ ಗೊತ್ತಿಲ್ಲ. ಬಹುಶಃ ಯಾರೂ ನೆಡಲಿಲ್ಲ, ಅದು ಮೊದಲೇ ಇತ್ತು, ನಾವೇ ಆಮೇಲೆ ಬಂದೆವು.

ನಮ್ಮಲ್ಲಿ ದೀಪಾವಳಿಯ ಆಸುಪಾಸಿನ ಮಳೆಯೇ ದೊಡ್ಡ ಮಳೆ. ಮೂಡಣದಿಂದ ಗಾಳಿಯನ್ನೂ ಕಟ್ಟಿಕೊಂಡು ಬರುತ್ತದೆ. ಈ ಸಲ ಬಂದ ಮೊದಲ ಗಾಳಿಗೇ ಕೊಂಬೆ ಬಿದ್ದಿತ್ತು. ಮಳೆಗಾಲವೆಲ್ಲ ಇನ್ನೂ ಮುಂದಿತ್ತು.

ಹತ್ತು ಮನೆಯ ಗಂಡಸರು ಕೊಡೆ ಹಿಡಿದು ಮರದ ಕೆಳಗೆ ನಿಂತರು. ಪ್ರತಿಯೊಬ್ಬರ ಬಾಯಲ್ಲೂ ಒಂದೊಂದು ಪದ. ಒಬ್ಬರು ‘ಟ್ರಿಮ್ ಮಾಡಬೇಕು’ ಅಂದರು. ಎಸ್ಟೇಟಿನಲ್ಲಿ ಕೆಲಸ ಮಾಡಿ ಬಂದವರು ‘ಲಾಪಿಂಗ್’ ಅಂದರು. ಇನ್ನೊಬ್ಬರು ‘ಟಾಪಿಂಗ್’. ಮತ್ತೊಬ್ಬರು ಕಾಂಡವನ್ನು ಬೆರಳಿನಿಂದ ತಟ್ಟಿ, ಡಾಕ್ಟರರ ಮುಖ ಮಾಡಿಕೊಂಡು, ‘ಒಳಗೆ ಪೊಳ್ಳು’ ಅಂದರು. ಇಷ್ಟು ಪದಗಳಿಗೆ ಇಷ್ಟು ಬೇರೆ ಬೇರೆ ಅರ್ಥ ಇರಬೇಕಲ್ಲವೇ? ನಾನು ಕೇಳಿದೆ. ಎಲ್ಲರೂ ಕೈಯಿಂದ ಒಂದೇ ಸನ್ನೆ ಮಾಡಿ ತೋರಿಸಿದರು. ಕೈಯನ್ನು ಅಡ್ಡ ಮಾಡಿ, ಸರ್ ಎಂದು ಎಳೆಯುವುದು.

ಕೊನೆಗೆ ಬೆಳ್ಳಿ ಭಾವ ಬಂದರು. (ಹೌದು, ಇಲ್ಲಿ ಬೆಳ್ಳಿ ಎಂಬುದು ಗಂಡಸರ ಹೆಸರು.) ನನ್ನ ಯಜಮಾನರ ದೊಡ್ಡಪ್ಪನ ಮಗ. ಹಟ್ಟಿಯಲ್ಲಿ ಆಲೂಗಡ್ಡೆ ಹೊಲಗಳನ್ನು ಚಹಾ ತೋಟ ಮಾಡಿದವರಲ್ಲಿ ಮೊದಲಿಗರು. ಅವರ ಮಾತಿಗೆ ಎದುರಾಡುವವರು ಕಡಿಮೆ.

“ಇದರಲ್ಲಿ ಯೋಚನೆ ಏನ? ಕವಾತು ಹಾಕಿಬುಡೋಣ. ಮುಂದಿನ ಬೇಸಿಗೆಗೆ ಹೊಸ ಕೊಳುಂದು ಬಂದು ಮರ ಗುಂಡಗೆ ಆಗ್ತದೆ,” ಅಂದರು. (ಅವರ ಬಡಗ ಮಾತನ್ನು ನಿಮಗಾಗಿ ಮುಕ್ಕಾಲು ಕನ್ನಡ ಮಾಡಿದ್ದೇನೆ. ಹಟ್ಟಿಯವರು ಓದಿದರೆ ಬೈಯದಿರಲಿ.)

ಕವಾತು ಎಂದರೆ ಚಹಾ ಗಿಡದ ತಲೆಯನ್ನು ಒಂದೇ ಮಟ್ಟಕ್ಕೆ ಕತ್ತರಿಸುವುದು. ಕೊಳುಂದು ಎಂದರೆ ಆಮೇಲೆ ಬರುವ ಎಳೆ ಚಿಗುರು. ಕೆಲವು ವರ್ಷಕ್ಕೊಮ್ಮೆ ತೋಟದ ಗಿಡಗಳನ್ನೆಲ್ಲ ಹೀಗೆ ಬೋಳು ಮಾಡುತ್ತಾರೆ. ನೋಡಲು ಭಯವಾಗುತ್ತದೆ. ಸತ್ತೇ ಹೋಯಿತು ಅನ್ನಿಸುತ್ತದೆ. ಕೆಲವೇ ತಿಂಗಳಲ್ಲಿ ಹಸಿರು ಉಕ್ಕಿ ಬರುತ್ತದೆ. ಇಡೀ ಹಟ್ಟಿಯ ಅನ್ನ ಆ ಉಕ್ಕುವ ಹಸಿರಿನಿಂದ. ಹಾಗಿರುವಾಗ ಕತ್ತಿಯ ಮೇಲೆ ಇವರಿಗೆ ನಂಬಿಕೆ ಬಾರದೆ ಇನ್ನೇನು? ಬೆಳ್ಳಿ ಭಾವನವರ ಕವಾತು ಕತ್ತಿ ಗಿಡದ ಮೇಲೆ ಆಡುವುದನ್ನು ನಿಂತು ನೋಡಬೇಕು. ನೂಲು ಹಿಡಿದಂತೆ ಮಟ್ಟ.

“ಹೋದ ಸಲವೂ ಹಾಗೇ ಮಾಡಿದ್ದಲ್ಲವಾ? ಎಷ್ಟು ಚೆಂದ ಚಿಗುರಿತು!” ಎಂದೂ ಸೇರಿಸಿದರು.

ಹೋದ ಸಲ? ನನ್ನ ಕಿವಿ ನೆಟ್ಟಗಾಯಿತು. ವಿಚಾರಿಸಿದೆ. ನಾನು ಮದುವೆಯಾಗಿ ಬರುವುದಕ್ಕೆ ಮುಂಚೆ ಒಮ್ಮೆ ಈ ನೇರಳೆ ಮರದ ತಲೆಯನ್ನು ಚಹಾ ಗಿಡದ ಹಾಗೆಯೇ ಅಡ್ಡಕ್ಕೆ ಕತ್ತರಿಸಿದ್ದರಂತೆ. ಮಾಡಿದವರು ಭಾವನವರೇ. ಮರ ಮೈತುಂಬ ಚಿಗುರಿ ಛತ್ರಿಯಾಯಿತಂತೆ. ಎಲ್ಲರೂ ಹೊಗಳಿದರಂತೆ. ಆಮೇಲೆ ಅದರ ಕಡೆ ಯಾರೂ ತಲೆ ಎತ್ತಿ ನೋಡಲಿಲ್ಲ.

ನಾನು ಬಗ್ಗಿ, ಬಿದ್ದ ಕೊಂಬೆಯ ಬುಡ ನೋಡಿದೆ. ನನ್ನ ತೊಡೆಯಷ್ಟು ದಪ್ಪದ ಕೊಂಬೆ. ಹಸಿರು ಎಲೆ, ಗಟ್ಟಿ ಮರ, ಹುಳವೂ ಇಲ್ಲ, ಕೊಳೆತವೂ ಇಲ್ಲ. ಆದರೆ ಬುಡದಲ್ಲಿ ಮುರಿದ ಗುರುತೇ ಇಲ್ಲ! ಒಡೆದ ನಾರಿಲ್ಲ, ಸೀಳಿಲ್ಲ. ಗೋಡೆಗೆ ಅಂಟಿಸಿದ ಮಣ್ಣು ಕಳಚಿಬಿದ್ದಂತೆ ನುಣ್ಣಗೆ ಕಿತ್ತು ಬಂದಿತ್ತು. ಇದೇಕೆ ಹೀಗೆ?

“ಭಾವ, ಒಂದು ವಾರ ತಡೀರಿ,” ಅಂದೆ.

“ಒಂದು ವಾರ ಗಾಳಿ ತಡೀತದಾ?” ಅಂದರು. ನ್ಯಾಯವಾದ ಪ್ರಶ್ನೆ. ಗೌರಕ್ಕನನ್ನೂ ಮಗಳನ್ನೂ ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಇರಿಸಿಕೊಂಡೆ. ಹಸುವನ್ನು ಭಾವನವರ ಕೊಟ್ಟಿಗೆಗೆ ಸೇರಿಸಿದೆವು. ವಾರದ ಗಡುವು ಸಿಕ್ಕಿತು.

ಮರುದಿನ ಆ ಕೊಂಬೆಯ ಬುಡದ ತುಂಡನ್ನು ಕತ್ತರಿಸಿ, ಗೋಣಿಯಲ್ಲಿ ಸುತ್ತಿ, ಊಟಿ ಬಸ್ಸು ಹತ್ತಿದೆ. ಕಂಡಕ್ಟರು ಗೋಣಿಯೊಳಗೆ ಇಣುಕಿದ.

“ಏನಮ್ಮಾ, ಊಟಿಯಲ್ಲಿ ವಿರಗು ಇಲ್ಲೆಯಾ?” ವಿರಗು ಎಂದರೆ ಸೌದೆ.

“ಸೌದೆ ಅಲ್ಲಪ್ಪಾ. ಡಾಕ್ಟರಿಗೆ ತೋರಿಸಬೇಕು,” ಅಂದೆ. ಆಮೇಲೆ ಬಸ್ಸಿನಲ್ಲಿ ಯಾರೂ ನನ್ನ ಪಕ್ಕದಲ್ಲಿ ಕೂರಲಿಲ್ಲ. ತುಂಡಿಗೆ ಸೀಟು ಸಿಕ್ಕಿತು.

ಊಟಿಯಲ್ಲಿ ನನ್ನ ಯಜಮಾನರ ಪರಿಚಯದ ಒಬ್ಬರು ಉದ್ಯಾನದ ಮರಗಳ ಉಸ್ತುವಾರಿ ನೋಡುವ ಅಧಿಕಾರಿ. ಕೊಡಗಿನ ಕಡೆಯವರು. ಓದಿದವರು, ಸಜ್ಜನರು. ಒಂದೇ ತೊಂದರೆ ಎಂದರೆ ಮರದ ವಿಷಯ ಬಂದರೆ ಇಂಗ್ಲಿಷಿಗೆ ಹಾರುತ್ತಾರೆ. ತುಂಡು ನೋಡಿದ ತಕ್ಷಣ ‘ಕ್ಲಾಸಿಕ್ ಕೇಸ್ ಆಫ್ ಟಾಪಿಂಗ್’ ಅಂದರು. ಮುಂದೆ ಸ್ಟಬ್, ಕ್ಯಾಲಸ್, ತಿನ್ನಿಂಗ್ ಎಂದು ಏನೇನೋ ಉದುರಿಸಿದರು. ನಾನು ತಲೆ ಆಡಿಸಿ ಎದ್ದು ಬರಬಹುದಿತ್ತು. ನಾವು ಸಾಮಾನ್ಯವಾಗಿ ಮಾಡುವುದೇ ಅದಲ್ಲವೇ? ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ಅರ್ಥವಾಗದ ಪದಕ್ಕೆ ತಲೆ ಆಡಿಸುತ್ತೇವೆ. ಹೊರಗೆ ಬಂದು ‘ಏನಂದರು?’ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ.

ಈ ಸಲ ಬಿಡಬಾರದು ಎಂದುಕೊಂಡೆ. “ಸರ್, ಒಂದೊಂದೇ ಹೇಳಿ. ಹೇಳುವುದು ಬೇಡ, ಮರದ ಮೇಲೇ ತೋರಿಸಿ,” ಅಂದೆ.

“ಮಳೆ ಬರ್ತಾ ಇದೆಯಲ್ಲಮ್ಮಾ.”

“ಕೊಡೆ ಇದೆ.”

ಪಾಪ, ಎದ್ದರು. ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೂ ಅವರನ್ನು ಒದ್ದೆ ಹುಲ್ಲಿನ ಮೇಲೆ ಓಡಾಡಿಸಿದೆ. ಅವರ ಹೆಂಡತಿ ಕ್ಷಮಿಸಲಿ.

ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ನಿಮ್ಮ ಹಿತ್ತಲಲ್ಲೂ ಒಂದು ಮರ ಇದ್ದೀತು.

ಟಾಪಿಂಗ್ ಎಂದರೆ ಬೆಳೆದ ಮರದ ತಲೆಯನ್ನು ಎಲ್ಲಿ ಬೇಕೆಂದರಲ್ಲಿ ಅಡ್ಡಕ್ಕೆ ಹಾರಿಸುವುದು. ಮರಕ್ಕೆ ಅನ್ನ ಬೇಯಿಸುವುದು ಎಲೆ. ಎಲೆ ಎಲ್ಲ ಹೋದರೆ ಮರಕ್ಕೆ ಗಾಬರಿ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ, ಕತ್ತರಿಸಿದ ಜಾಗದ ಸುತ್ತ ಒಂದು ಹಿಡಿ ಚಿಗುರನ್ನು ಒಟ್ಟಿಗೆ ತಳ್ಳುತ್ತದೆ. ನಾವು ‘ಎಷ್ಟು ಚೆಂದ!’ ಎಂದು ಚಪ್ಪಾಳೆ ತಟ್ಟುವುದು ಮರದ ಗಾಬರಿಗೆ. ಹುಟ್ಟಿನಿಂದ ಬಂದ ಕೊಂಬೆ ಕಾಂಡದೊಳಗೆ ಆಳವಾಗಿ ಕೂತಿರುತ್ತದೆ, ವರ್ಷ ವರ್ಷವೂ ಎರಡೂ ಒಟ್ಟಿಗೆ ದಪ್ಪವಾಗುತ್ತವೆ. ಈ ಗಾಬರಿಯ ಚಿಗುರು ಹುಟ್ಟುವುದು ಸಿಪ್ಪೆಯ ಅಡಿಯಿಂದ. ಹಿಡಿತ ಮೇಲೆ ಮೇಲೆ. ಅದು ಉದ್ದವಾಗಿ, ದಪ್ಪವಾಗಿ, ಮಳೆಯ ನೀರು ಕುಡಿದು ಭಾರವಾದರೆ? ಕಳಚುತ್ತದೆ. ಗೌರಕ್ಕನ ಕೊಟ್ಟಿಗೆಯ ಮೇಲೆ ಬಿದ್ದದ್ದು ಅದೇ.

ಸ್ಟಬ್ ಎಂದರೆ ಕೊಂಬೆ ಕತ್ತರಿಸಿ ಉಳಿಸಿದ ಗಿಡ್ಡ ಗೂಟ. ನಾವು ಬಟ್ಟೆ ಒಣಗಿಸಲು ಹಗ್ಗ ಕಟ್ಟುತ್ತೇವಲ್ಲ, ಅದು. ಅಲ್ಲಿ ಎಲೆಯಿಲ್ಲ, ಹಾಗಾಗಿ ಮರ ಅದಕ್ಕೆ ಅನ್ನ ಕಳಿಸುವುದಿಲ್ಲ. ಒಣಗುತ್ತದೆ, ನೀರು ಇಳಿಯುತ್ತದೆ, ಕೊಳೆತ ಒಳಗೆ ನಡೆಯುತ್ತದೆ. ಕ್ಯಾಲಸ್ ಎಂದರೆ ಗಾಯದ ಅಂಚಿನಿಂದ ಉಂಗುರದ ಹಾಗೆ ಬೆಳೆದು ಬರುವ ಹೊಸ ಸಿಪ್ಪೆ. ಮರದ ಗಾಯ ನಮ್ಮ ಗಾಯದಂತೆ ವಾಸಿಯಾಗುವುದಿಲ್ಲವಂತೆ, ಮುಚ್ಚಿಕೊಳ್ಳುತ್ತದೆ ಅಷ್ಟೆ. ಗೂಟ ಅಡ್ಡ ಬಂದರೆ ಮುಚ್ಚಲೂ ಆಗುವುದಿಲ್ಲ. ಹಾಗೆಂದು ಕಾಂಡವನ್ನೇ ಕೆತ್ತುವ ಹಾಗೂ ಇಲ್ಲ. ಕೊಂಬೆಯ ಬುಡದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ, ಅದನ್ನು ಬಿಟ್ಟು, ಅದರ ಹೊರಗೆ ಕತ್ತರಿಸಬೇಕು.

ತಿನ್ನಿಂಗ್ ಎಂದರೆ ತಲೆ ಹಾರಿಸದೆ, ಒತ್ತಾಗಿರುವ ಕಡೆ ಕೆಲವನ್ನು ಮಾತ್ರ ಬುಡದಿಂದ ತೆಗೆದು ಗಾಳಿಗೆ ದಾರಿ ಬಿಡುವುದು. ಮೂಲಂಗಿ ಪಾತಿಯಲ್ಲಿ ಸಸಿ ಕೀಳುತ್ತೇವಲ್ಲ, ಹಾಗೆ.

“ಹಾಗಾದರೆ ಚಹಾ ಗಿಡಕ್ಕೆ ಏನೂ ಆಗುವುದಿಲ್ಲವಲ್ಲ, ಏಕೆ?” ಎಂದು ಕೇಳಿದೆ. ಭಾವನವರು ಖಂಡಿತ ಕೇಳುವ ಪ್ರಶ್ನೆ ಅದು.

ಅಧಿಕಾರಿಗಳು ನಿಂತರು. ಮೊದಲ ಸಲ ಇಂಗ್ಲಿಷಿಲ್ಲದೆ ಹೇಳಿದರು. “ಚಹಾವನ್ನೂ ಬಿಟ್ಟರೆ ಮರವೇ ಆಗ್ತದಮ್ಮಾ. ನಾವು ಅದನ್ನು ಬೆಳೆಯಲು ಬಿಡೋದಿಲ್ಲ. ಚಿಕ್ಕಂದಿನಿಂದ ಕತ್ತರಿಸ್ತೀವಿ, ಚಿಗುರು ಬಂದ ಹಾಗೆ ಕೀಳ್ತೀವಿ, ಮತ್ತೆ ಬಂದು ಕತ್ತರಿಸ್ತೀವಿ. ಚಿಗುರು ಭಾರ ಆಗೋಕೆ ಬಿಟ್ಟರಲ್ಲವೇ ಬೀಳೋದು? ಮರದ ತಲೆ ಒಂದು ಸಲ ಕತ್ತರಿಸಿ ಮರೆತುಬಿಟ್ಟರೆ, ಅದು ಕವಾತೂ ಅಲ್ಲ, ಏನೂ ಅಲ್ಲ.”

ಇಷ್ಟೂ ಮಾತು ಹೊತ್ತುಕೊಂಡು ಬಂದೆ. ಹಟ್ಟಿಯ ಅಂಗಳದಲ್ಲಿ ಗಂಡಸರು ಸೇರಿದ್ದರು. ಅಷ್ಟರಲ್ಲಿ ‘ಒಳಗೆ ಪೊಳ್ಳು’ ಅಂದವರ ಮಾತು ಗೆದ್ದು ತೀರ್ಮಾನ ಬದಲಾಗಿತ್ತು. ಕವಾತೂ ಬೇಡ, ಮರವನ್ನೇ ಬುಡಸಮೇತ ತೆಗೆದುಬಿಡುವುದು. ಗರಗಸದವರಿಗೆ ಹೇಳಿ ಕಳಿಸುವುದೊಂದೇ ಬಾಕಿ.

ಈ ಮಾತಿಗೆ ಗೌರಕ್ಕ ಬಾಗಿಲಿನಿಂದ ಅಂಗಳಕ್ಕೆ ಇಳಿದು ಬಂದಳು.

“ಮರ ತೆಗೆದರೆ ಬರೆ ಯಾರು ಹಿಡೀತಾರೆ? ಅದರ ಬೇರಲ್ಲೇ ನಂಗ ಬರೆ ನಿಂತಿರೋದು. ಮಣ್ಣು ಜಾರಿದರೆ ಮನೆ ಇಲ್ಲೆ,” ಅಂದಳು. ಬರೆ ಎಂದರೆ ಅವಳ ಮನೆಯ ಬೆನ್ನಿಗಿರುವ ಆ ದಿಬ್ಬ. ನಮ್ಮ ಬೆಟ್ಟಗಳಲ್ಲಿ ಮಣ್ಣು ಜಾರುವುದನ್ನು ನೋಡದವರಿಲ್ಲ. ಮರ ನಿಂತರೆ ಕೊಂಬೆ ಬೀಳುವ ಭಯ, ಮರ ಬಿದ್ದರೆ ದಿಬ್ಬ ಬೀಳುವ ಭಯ. ಎರಡರ ಕೆಳಗೂ ಇರುವುದು ಅವಳ ಮನೆ.

ನಾನು ಗೋಣಿ ಬಿಚ್ಚಿ ತುಂಡನ್ನು ನಡುವೆ ಇಟ್ಟೆ. ಕೇಳಿ ಬಂದದ್ದನ್ನೆಲ್ಲ ಹೇಳಿದೆ. ತುಂಡಿನ ಬುಡ ತೋರಿಸಿದೆ. ಆಮೇಲೆ ಅದೇ ಮರದ ಹಳೆಯ ಕೆಳಗೊಂಬೆ ಕಾಂಡಕ್ಕೆ ಹೇಗೆ ಕೂತಿದೆ ಎಂಬುದನ್ನು ಕೈ ಮಾಡಿ ತೋರಿಸಿದೆ. ಎಷ್ಟೋ ಗಾಳಿ ಕಂಡರೂ ಆ ಕೊಂಬೆ ಅಲ್ಲಾಡಿಲ್ಲ.

ಬೆಳ್ಳಿ ಭಾವನ ಮುಖ ಕಪ್ಪಾಯಿತು. “ಅಂದರೆ ಕೊಟ್ಟಿಗೆ ಬೀಳಿಸಿದ್ದು ನಾನು ಅಂತೀಯಾ ಅಮ್ಮಾ?”

ಏನು ಹೇಳಲಿ? ‘ಇಲ್ಲ ಭಾವ’ ಅನ್ನುವುದು ಸುಲಭವಿತ್ತು. ಮನೆಯ ಸೊಸೆ ಅನ್ನಬೇಕಾದ್ದೂ ಅದೇ. ಹಟ್ಟಿಯ ಹಿರಿಯರ ಮುಂದೆ ಭಾವನವರ ಕತ್ತಿಯಲ್ಲಿ ತಪ್ಪು ಹುಡುಕುವುದು ನನಗೆ ಸುಖದ ಕೆಲಸವಾಗಿರಲಿಲ್ಲ. ಆದರೂ ಸುಳ್ಳು ಹೇಳಿದರೆ ನಾಳೆ ಗರಗಸ ಬರುತ್ತದೆ.

“ಹೌದು ಭಾವ. ಕತ್ತರಿಸಿದ್ದರಿಂದಲೇ ಬಿದ್ದದ್ದು. ಇನ್ನೂ ಅಂಥವು ಮೇಲಿವೆ,” ಅಂದೆ.

ಅವರು ತುಂಡನ್ನು ಮಡಿಲಿಗೆ ಎತ್ತಿಕೊಂಡು, ಹೆಬ್ಬೆರಳಿನಿಂದ ಬುಡವನ್ನು ಸವರಿದರು. ಗಿಡ ಗೊತ್ತಿರುವ ಕೈ ಅದು. ನಾನು ಹೇಳಿದ್ದಕ್ಕಿಂತ ಹೆಚ್ಚು ಆ ಬೆರಳಿಗೆ ಗೊತ್ತಾಗಿರಬೇಕು.

“ಬೇರೆಯವರು ಹತ್ತೋದು ಬೇಡ. ನಾನೇ ಹತ್ತುತ್ತೇನೆ,” ಅಂದರು. ಒಳಗೆ ಹೋಗಿ ಹಗ್ಗ ತಂದರು.

ಮಳೆ ಬಿಡುವು ಕೊಟ್ಟ ದಿನ ನೋಡಿ ಹತ್ತಿದರು. ಸೊಂಟಕ್ಕೆ ಹಗ್ಗ, ಕೈಯಲ್ಲಿ ಗರಗಸ. ಕವಾತು ಕತ್ತಿ ಮನೆಯಲ್ಲೇ ಉಳಿಯಿತು. ಹಳೆಯ ಗಾಯ ಒಂದೊಂದರ ಸುತ್ತಲೂ ಪೊದೆಯಂತೆ ಎದ್ದಿದ್ದ ಕೊಂಬೆಗಳಲ್ಲಿ ಗಟ್ಟಿಯಾಗಿ ಕೂತದ್ದನ್ನು ಉಳಿಸಿ, ಉಳಿದವನ್ನು ತೆಗೆಯಬೇಕು. ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ಸಿಪ್ಪೆಯನ್ನೂ ಸುಲಿದುಕೊಂಡು ಹೋಗುತ್ತದೆ. ಕೊನೆಗೆ ಉಬ್ಬಿನ ಹೊರಗೆ ನುಣ್ಣಗೆ. ನಾನು ಕೆಳಗೆ ನಿಂತು ಇದನ್ನೆಲ್ಲ ಕೂಗಿ ಹೇಳುತ್ತಿದ್ದೆ. ಅವರು ಮೇಲಿನಿಂದ “ಕೇಳಿತು ಅಮ್ಮಾ, ನಿಂಗ ಬಾಯಿಗೂ ಸ್ವಲ್ಪ ತಿನ್ನಿಂಗ್ ಮಾಡು,” ಎಂದು ಕೂಗಿದರು. ಇಡೀ ಹಟ್ಟಿ ನಕ್ಕಿತು. ನನಗೂ ಜೀವ ಬಂದಂತಾಯಿತು. ನನ್ನ ಮೇಲಿನ ಕೋಪ ಇಳಿದಿದೆ ಎಂದು ಆಗ ತಿಳಿಯಿತು.

ಇಳಿಸಿದ ಕೊಂಬೆಗಳು ಗೌರಕ್ಕನ ಹೊಸ ಕೊಟ್ಟಿಗೆಗೆ ಕಂಬವಾದವು. ಮರ ನೋಡಲು ಚೆಂದವಾಗಿಲ್ಲ. ಛತ್ರಿಯ ಆಕಾರ ಹೋಗಿದೆ. ನಡುವೆ ಆಕಾಶ ಕಾಣುತ್ತದೆ. ಗಾಳಿ ಬಂದಾಗ ಮೊದಲಿನಂತೆ ಎದುರು ನಿಲ್ಲದೆ ದಾರಿ ಬಿಡುತ್ತದೆ. ಒಂದು ಹಳೆಯ ಗೂಟದ ಒಳಗೆ ಮಾತ್ರ ಕೈ ಹಾಕುವಷ್ಟು ಪೊಳ್ಳು ಇತ್ತು. ಅದಕ್ಕೆ ಈಗ ಯಾರೂ ಏನೂ ಮಾಡುವ ಹಾಗಿಲ್ಲ. ಅದರ ಮೇಲಿನ ಭಾರವನ್ನು ಕಡಿಮೆ ಮಾಡಿದ್ದೇವೆ. ಎರಡು ವರ್ಷಕ್ಕೊಮ್ಮೆ ಹತ್ತಿ ನೋಡುವುದಾಗಿ ಭಾವನವರು ಅಂಗಳದಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡಿದ್ದಾರೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಗೌರಕ್ಕ ಮುಗಿಸಲಿಲ್ಲ.

ಕೊಂಬೆ ಇಳಿಸಿದ ದಿನ ಸಂಜೆಯೇ ಅವಳು ತನ್ನ ಹಾಸಿಗೆ ಸುತ್ತಿಕೊಂಡು ನಮ್ಮ ಮನೆಯಿಂದ ಹೊರಟಳು. ಹೊರಡುವಾಗ ಕೇಳಿದಳು. “ಇನ್ನು ಬೀಳೋದಿಲ್ಲೆ ಅಲ್ಲವಾ?”

ಬೀಳುವುದಿಲ್ಲ ಎಂದು ಊಟಿಯ ಅಧಿಕಾರಿಗಳೂ ಹೇಳಿರಲಿಲ್ಲ. ‘ರಿಸ್ಕ್ ಕಡಿಮೆ ಮಾಡಬಹುದು, ಇಲ್ಲವಾಗಿಸಲು ಆಗದು’ ಅಂದಿದ್ದರು. ಅದನ್ನೇ ಅವಳಿಗೆ ಹೇಳಿದೆ.

ಅವಳು ನನ್ನ ಮುಖ ನೋಡಿದಳು. “ನಿಂಗ ಮಾತೆಲ್ಲ ಸರಿ ತಂಗೇ. ಮರ ಉಳಿಸಿದೆ, ಬರೆಯೂ ಉಳೀತು. ಆದರೆ ಗಾಳಿ ಬಂದ ದಿನ ಅದರ ಕೆಳಗೆ ಮಲಗೋದು ಎನ್ನ ಮಗಳು. ನೀ ಮಲಗ್ತೀಯಾ?”

ಸಿಟ್ಟಿನಿಂದ ಕೇಳಲಿಲ್ಲ. ಅದಕ್ಕೇ ನನಗೆ ನಾಟಿತು. ನಾನು ಊಟಿಗೆ ಹೋಗಿ ಬಂದದ್ದು, ಪದ ಕಲಿತದ್ದು, ಭಾವನ ಮುಂದೆ ಗಟ್ಟಿಯಾಗಿ ಮಾತಾಡಿದ್ದು ಎಲ್ಲವೂ ಸಾಲಿನ ನಡುವಿನ ಮನೆಯಲ್ಲಿ ಬೆಚ್ಚಗೆ ಮಲಗಿಕೊಂಡು. ನನ್ನ ತಲೆಯ ಮೇಲೆ ಯಾವ ಕೊಂಬೆಯೂ ಇಲ್ಲ. ಕತ್ತರಿಸಿ ಎಂದವರ ತಲೆಯ ಮೇಲೂ ಇರಲಿಲ್ಲ.

“ಮಲಗ್ತೀನಿ ಅಕ್ಕ,” ಅಂದೆ.

ಯಜಮಾನರು ಮೊದಲು ನಕ್ಕರು. ನಾನು ಹಾಸಿಗೆ ಸುತ್ತುವುದನ್ನು ನೋಡಿ ನಗು ನಿಲ್ಲಿಸಿದರು. ಆಮೇಲೆ ಟಾರ್ಚಿಗೆ ಹೊಸ ಸೆಲ್ಲು ಹಾಕಿಕೊಟ್ಟರು.

ಆವತ್ತಿನಿಂದ ಇಲ್ಲೇ ಇದ್ದೇನೆ. ಈ ಮಳೆ ಮುಗಿಯುವವರೆಗೂ ಇರುತ್ತೇನೆ. ಈ ವಾರದ ಬರಹವನ್ನು ಗೌರಕ್ಕನ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಮಣೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಗೆ ಮೂಡಣ ಗಾಳಿ ಎದ್ದಿದೆ. ಮಾಡಿನ ಮೇಲೆ ನೇರಳೆ ಎಲೆಗಳ ಸದ್ದು ಕೇಳುತ್ತಿದೆ. ಭಯವಾಗುತ್ತಿಲ್ಲವೇ? ಆಗುತ್ತಿದೆ. ಗಾಳಿ ಜೋರಾದಾಗಲೆಲ್ಲ ಪೆನ್ನು ನಿಲ್ಲುತ್ತದೆ. ಗೌರಕ್ಕನ ಮಗಳು ಪಕ್ಕದಲ್ಲಿ ನಿಶ್ಚಿಂತೆಯಾಗಿ ಲೆಕ್ಕ ಮಾಡುತ್ತಿದ್ದಾಳೆ. ಪೆನ್ನು ನಿಂತರೆ ತಲೆ ಎತ್ತಿ ನನ್ನನ್ನು ನೋಡುತ್ತಾಳೆ. ಹಾಗಾಗಿ ಮತ್ತೆ ಬರೆಯುತ್ತೇನೆ.

ಮರ ಕಡಿಯಿರಿ ಎನ್ನುವವರೇ, ಮರ ಉಳಿಸಿ ಎನ್ನುವವರೇ, ನಿಮ್ಮಲ್ಲಿ ಎಷ್ಟು ಜನ ಅದರ ಕೆಳಗೆ ಚಾಪೆ ಹಾಸುತ್ತೀರಿ?